ಗುರುಬಾಯಿಯ ಪಂಚಮಿ

"ಸುಳ್ಳ ಕೇಸೇನವ್ವಾ?" ಎಂದು ಯಾರು ಕೇಳಿದರೂ ಗುರುಬಾಯಿ ಕೈಯಲ್ಲಿದ್ದ ಕೆಲಸ ನಿಲ್ಲಿಸದೆ ಉತ್ತರ ಕೊಡುತ್ತಿದ್ದಳು: "ಇಲ್ರಿ. ಖರೇನ ಹೊಡದೇನಿ." ಆಗ ಕೇಳಿದವರ ಮುಖ ನೋಡಬೇಕಿತ್ತು. ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಅತಿಥಿಗಳೆಲ್ಲ ಒಳ್ಳೆಯವರೇ. ಬಿಸ್ಕೀಟು ತರುತ್ತಿದ್ದರು, ಹಳೆಯ ಸೀರೆ ತರುತ್ತಿದ್ದರು, ಕಣ್ಣಲ್ಲಿ ನೀರು ತಂದುಕೊಳ್ಳಲು ತಯಾರಾಗಿಯೂ ಬರುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಏನೂ ಅರಿಯದ ಹೆಂಗಸಿಗೆ ಶಿಕ್ಷೆಯಾದ ಕಥೆ. ಗುರುಬಾಯಿ ಅದನ್ನು ಕೊಡುತ್ತಿರಲಿಲ್ಲ. ದಿನವೂ ಕುಡಿದು ಬಂದು ಬಡಿಯುತ್ತಿದ್ದ ಗಂಡನಿಗೆ ಒಂದು ದಿನ ಒನಕೆ ಎತ್ತಿ ಹೊಡೆದಳು, ಅವನು ಸತ್ತ, ಇವಳು ಜೈಲಿಗೆ ಹೋದಳು. "ಅವ ದಿನಾ ಹೊಡೀತಿದ್ದ, ನಾ ಸಾಯಲಿಲ್ಲ. ನಾ ಒಮ್ಮಿ ಹೊಡದೆ, ಸತ್ತಬಿಟ್ಟ," ಎಂದು ನನಗೊಮ್ಮೆ ಹೇಳಿದ್ದಳು. ಹೇಳಿ ಮೊರದೊಳಗಿನ ಜೋಳವನ್ನು ಮತ್ತೆ ಹಸನು ಮಾಡತೊಡಗಿದಳು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಇಂಡಿ ಊರಿನ ಹೊರಗೆ, ಸಾಲೋಟಗಿ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ಒಂದು ಹಳೆಯ ಗೋದಾಮು ಇತ್ತು. ಅದಕ್ಕೆ ಸುಣ್ಣ ಬಳಿದು, ನಡುನಡುವೆ ಗೋಡೆ ಎಬ್ಬಿಸಿ, ಜೈಲಿನಿಂದ ಬಿಡುಗಡೆಯಾಗಿಯೂ ಮನೆಗೆ ಹೋಗಲಾಗದ ಹೆಣ್ಣುಮಕ್ಕಳಿಗಾಗಿ ಒಂದು ಆಶ್ರಯ ಕೇಂದ್ರ ಮಾಡಿದ್ದರು. ಬೋರ್ಡಿನ ಮೇಲೆ ಅದಕ್ಕೆ ಉದ್ದನೆಯ ಹೆಸರಿತ್ತು. ಊರಿನ ಮಂದಿ ಅಷ್ಟು ಓದುವ ಗೋಜಿಗೆ ಹೋಗದೆ 'ಜೈಲ ಹೆಣ್ಮಕ್ಕಳ ಮನಿ' ಎಂದುಬಿಟ್ಟಿದ್ದರು. ನಾನು ಅಲ್ಲಿ ಮೇಲ್ವಿಚಾರಕಿ. ಧಾರವಾಡದಲ್ಲಿ ಸಮಾಜಕಾರ್ಯ ಓದಿ ಬಂದವಳು, ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಗಂಡನಿಗೆ ಸಿಂದಗಿಯಲ್ಲಿ ನೌಕರಿ, ನನಗೆ ಇಲ್ಲಿ. ಆದಿತ್ಯವಾರಕ್ಕೊಮ್ಮೆ ಸಂಸಾರ. ಅಲ್ಲಿದ್ದ ಹೆಂಗಸರೆಲ್ಲ ನನ್ನನ್ನು 'ಅಕ್ಕೋರ' ಎನ್ನುತ್ತಿದ್ದರು. ನನ್ನ ತಾಯಿಯ ವಾರಿಗೆಯ ಗುರುಬಾಯಿಯೂ ಹಾಗೇ ಕರೆಯುತ್ತಿದ್ದಳು. ಆದರೆ ಅವಳ ಬಾಯಲ್ಲಿ ಅದು ಮರ್ಯಾದೆಯೋ ಚೇಷ್ಟೆಯೋ ನನಗೆ ಬಹಳ ದಿನ ತಿಳಿಯಲಿಲ್ಲ.

ಎತ್ತರದ ಹೆಂಗಸು. ಅಗಲ ಮಣಿಕಟ್ಟು, ಮಿಶ್ರಿ ತಿಕ್ಕಿ ತಿಕ್ಕಿ ಕಪ್ಪಾದ ಹಲ್ಲು, ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟುವಂಥ ದನಿ. ಮಿಶ್ರಿ ಅಂದರೆ ಹುರಿದ ತಂಬಾಕಿನ ಪುಡಿ, ಕೇಂದ್ರದಲ್ಲಿ ಅದಕ್ಕೆ ಮನಾಯಿ ಇತ್ತು. ಆದರೂ ಅವಳ ಹತ್ತಿರ ಯಾವಾಗಲೂ ಇರುತ್ತಿತ್ತು. ಎಲ್ಲಿಂದ ಬರುತ್ತದೆ ಎಂದು ಕೇಳಿದರೆ "ದೇವರ ಕೊಡ್ತಾನ್ರಿ" ಎನ್ನುತ್ತಿದ್ದಳು. ಚೌಕಾಬಾರ ಆಡಲು ಕುಳಿತರೆ ಕಣ್ಣೆದುರಿಗೇ ಕಾಯಿ ಸರಿಸುತ್ತಿದ್ದಳು, ಹಿಡಿದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಹೊಲಿಗೆ ಕಲಿಸಲು ಬರುತ್ತಿದ್ದ ಟೀಚರ್ ಬಾಯಿಯ ಜೊತೆ ಅವಳಿಗೆ ಹುಟ್ಟಾ ವೈರ. "ಈ ಮಿಶನ್ನು ನನಗ ಬೈಯಾಕತ್ತೈತ್ರಿ, ನಾ ಮುಟ್ಟಂಗಿಲ್ಲ," ಎಂದು ದೂರ ಕುಳಿತವಳು ಕೊನೆಯವರೆಗೂ ಒಂದು ಜಂಪರು ಹೊಲಿಯಲು ಕಲಿಯಲಿಲ್ಲ.

ಅಲ್ಲಿ ಕಲಿಸುವುದು ಬಹಳ ಇತ್ತು. ಹೊಲಿಗೆ, ಊದುಬತ್ತಿ, ಮೇಣಬತ್ತಿ, ಹಪ್ಪಳ. ಊದುಬತ್ತಿ ಹೊಸೆಯುವ ದಿನ ಮನೆ ತುಂಬ ಘಮ. "ಸತ್ತವರ ಮನ್ಯಾಗ ಕುಂತಂಗ ಆಗ್ತೈತಿ ನೋಡ್ರಿ," ಎನ್ನುವಳು ಗುರುಬಾಯಿ. ಮೇಲಿನಿಂದ ಬಂದ ಕಾಗದಗಳಲ್ಲಿ ಈ ಹೆಂಗಸರನ್ನು 'ಫಲಾನುಭವಿಗಳು' ಎಂದು ಬರೆದಿರುತ್ತಿತ್ತು. ಅದರ ಅರ್ಥ ಕೇಳಿ ತಿಳಿದುಕೊಂಡು ಅವಳು ಗಲ್ಲಕ್ಕೆ ಕೈ ಹಚ್ಚಿದಳು. "ಇಂಡ್ಯಾಗ ಇರೂ ಫಲಾ ಅಂದ್ರ ನಿಂಬಿಕಾಯಿ ಒಂದ ಐತಿ. ಅದನ್ನ ಅನುಭವಸಾಕತ್ತೇವೇನು?" ಎಂದಾಗ ಅಡುಗೆಮನೆಯಲ್ಲಿದ್ದವರೆಲ್ಲ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ನಾನೂ ನಕ್ಕೆ.

ನನ್ನ ಪಾಲಿಗೆ ಬಂದಿದ್ದದ್ದು ವಾರಕ್ಕೊಮ್ಮೆ ಎಲ್ಲರನ್ನೂ ದುಂಡಗೆ ಕೂರಿಸಿ ಮನಸ್ಸು ಬಿಚ್ಚಿ ಮಾತಾಡಿಸುವ ಕೆಲಸ. ಧಾರವಾಡದಲ್ಲಿ ಕಲಿತದ್ದನ್ನೆಲ್ಲ ಅಲ್ಲಿ ಉಪಯೋಗಿಸಲು ನಾನು ತುದಿಗಾಲಲ್ಲಿ ನಿಂತಿದ್ದೆ. ಮೊದಲನೆಯ ದಿನವೇ ಗುರುಬಾಯಿ ಕೇಳಿದಳು, "ಅಕ್ಕೋರ, ಬಿಚ್ಚು ಅಂದ್ರ ಬಿಚ್ಚತೇವಿ. ಈ ತಾಸು ಮುಗದಿಂದ ನೀವು ಬಾಗಲಾ ಹಾಕ್ಕೊಂಡು ಹೋಗ್ತೀರಿ. ಬಿಚ್ಚಿದ್ದನ್ನ ತಿರಗಿ ಕಟ್ಟಿಕೊಡೂದು ಯಾರು?" ನನಗೆ ಸಿಟ್ಟು ಬಂತು. ಆಕೆ ನನ್ನ ತರಗತಿ ಕೆಡಿಸಲೆಂದೇ ಹೀಗೆ ಮಾಡುತ್ತಾಳೆ ಎಂದುಕೊಂಡೆ. ಆದರೆ ಆ ವಾರ ಕಸ್ತೂರಿ ಎಂಬ ಹುಡುಗಿ ತನ್ನ ಕಥೆ ಹೇಳಿಕೊಂಡು ಅತ್ತು, ಮುಂದೆ ಎರಡು ದಿನ ಊಟ ಬಿಟ್ಟು ಮಲಗಿದಳು. ಅವಳ ತಲೆಗೆ ಎಣ್ಣೆ ತಟ್ಟಿ, ಬೈದು, ತುತ್ತು ಮಾಡಿ ಬಾಯಿಗಿಟ್ಟು ಎಬ್ಬಿಸಿದವಳು ಗುರುಬಾಯಿ. ಇಬ್ಬರೂ ಜೈಲಿನಿಂದಲೇ ಜೊತೆಯಾದವರು. ಕಸ್ತೂರಿ ಮಾತು ಕಡಿಮೆಯ, ತೆಳ್ಳನೆಯ ಹುಡುಗಿ. ನೆರಳಿನ ಹಾಗೆ ಗುರುಬಾಯಿಯ ಹಿಂದೆಯೇ ಇರುತ್ತಿದ್ದಳು.

ಕೇಂದ್ರದ ಕಾರ್ಯದರ್ಶಿಗಳು ನಿವೃತ್ತ ಮಾಸ್ತರು. ಮನಸ್ಸು ಒಳ್ಳೆಯದು, ಭಾಷಣ ಉದ್ದ. ಒಂದು ವಾರ್ಷಿಕೋತ್ಸವಕ್ಕೆ ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿ, ಶಾಮಿಯಾನ ಹಾಕಿಸಿ, ಮೈಕಿನಲ್ಲಿ "ಈ ಕೇಂದ್ರ ಅಂದರೆ ಜೈಲಿಗೂ ಮನೆಗೂ ನಡುವಿನ ಒಂದು ನಿಲ್ದಾಣ" ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡರು. ಆಮೇಲೆ, ಕೇಂದ್ರದಿಂದ ಬದುಕು ಹೇಗೆ ಬದಲಾಯಿತು ಎಂದು ಎರಡು ಮಾತು ಹೇಳಲು ಗುರುಬಾಯಿಯನ್ನು ಕರೆದರು. ಯಾಕೆ ಅವಳನ್ನೇ ಕರೆದರೋ! ದನಿ ದೊಡ್ಡದು, ಹೆದರುವುದಿಲ್ಲ ಎಂದಿರಬೇಕು. ಅವಳು ಸೆರಗು ತಲೆಯ ಮೇಲೆಳೆದುಕೊಂಡು ಮೈಕಿನ ಮುಂದೆ ನಿಂತಳು.

"ಇಲ್ಲಿ ಊಟ ಚಲೋ ಐತ್ರಿ. ಹಾಸಿಗಿ ಚಲೋ ಐತಿ. ಅಕ್ಕೋರು ಸಣ್ಣವರದಾರ, ಆದ್ರೂ ಚಲೋ ಅದಾರ. ಮಾಸ್ತರು ಇದು ನಿಲ್ದಾಣ ಅಂದ್ರು. ನಿಲ್ದಾಣ ಅಂದ್ರ ಸ್ಟ್ಯಾಂಡ ಹೌದಲ್ರಿ? ಸ್ಟ್ಯಾಂಡ ಕಟ್ಟೀರಿ, ಕುಂದರಾಕ ಜಾಗಾ ಮಾಡೀರಿ, ಕುಡಿಯಾಕ ನೀರ ಇಟ್ಟೀರಿ. ಬಸ್ಸ ಯಾವಾಗ ಬರ್ತೈತ್ರಿ? ಜೈಲಿನ್ಯಾಗ ಇದ್ದಾಗ ಇಂಥಾ ವರ್ಷ ಬಿಡ್ತಾರ ಅಂತರೆ ಗೊತ್ತಿತ್ತು. ಇಲ್ಲಿಂದ ಬಿಡಗಡಿ ಯಾವಾಗ್ರಿ ಸಾಹೇಬ್ರ?"

ಶಾಮಿಯಾನದಲ್ಲಿ ಕುಳಿತವರು ನಕ್ಕರು. ಅಧಿಕಾರಿಯೂ ನಕ್ಕು, ಒಳ್ಳೆಯ ಮಾತುಗಾರ್ತಿ ಎಂದು ಮೆಚ್ಚಿಕೊಂಡರು. ಗುರುಬಾಯಿ ನಗಲಿಲ್ಲ. ಉತ್ತರ ಬರುತ್ತದೇನೋ ಎಂದು ಒಂದಿಷ್ಟು ಹೊತ್ತು ಅಲ್ಲಿಯೇ ನಿಂತಿದ್ದಳು. ಯಾರೋ ಬಂದು ಮೈಕು ಸರಿಸಿದ ಮೇಲೆ ಕೆಳಗಿಳಿದಳು. "ಅನ್ನಾ ಹಾಕಿದ ಮನಿಗೆ ಹಿಂಗನ್ನೂದಾ?" ಎಂದು ಮಾಸ್ತರು ನನ್ನ ಹತ್ತಿರ ಬಂದು ನೊಂದುಕೊಂಡರು. ಅವಳು ಕೇಳಿದ್ದು ಚೇಷ್ಟೆಗಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಮರುದಿನ ಅವಳನ್ನೇ ಕೇಳಿದೆ. "ಗುರುಬಾಯವ್ವ, ಹಂಗಾರ ಬಿಡುಗಡಿ ಅಂದ್ರ ಏನ? ಕೈಯಾಗ ಒಂದು ಕೆಲಸಾ ಕೊಟ್ರ ಆತೋ ಇಲ್ಲೋ?"

"ಕೆಲಸಾ ಜೈಲಿನ್ಯಾಗೂ ಇತ್ರಿ," ಎಂದಳು. "ಯಾರರೆ ಕರಿಯಾಕ ಬರಬೇಕ್ರಿ. ಬಾ, ನಡಿ ಮನಿಗೆ ಅನ್ನಬೇಕು. ಅಂದಾಗ ಬಿಡಗಡಿ."

ಯಾರಾದರೂ ಎಂದಳೇ ಹೊರತು ಅವಳು ಕಾಯುತ್ತಿದ್ದದ್ದು ಒಬ್ಬನಿಗೇ. ಬಸವನ ಬಾಗೇವಾಡಿ ಕಡೆಯ ಒಂದು ಹಳ್ಳಿಯಲ್ಲಿ ಅವಳಿಗೆ ಮಲ್ಲಪ್ಪ ಎಂಬ ತಮ್ಮನಿದ್ದ. ಹೆತ್ತವ್ವ ಬೇಗ ತೀರಿಕೊಂಡದ್ದರಿಂದ ಅವನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಅವಳ ಮಾತಿನಲ್ಲಿ ಅವನು ಇನ್ನೂ 'ನಮ್ಮ ಮಲ್ಲು.' ಜೈಲಿಗೆ ಹೋದ ಹೊಸತರಲ್ಲಿ ಬಂದು ನೋಡಿ ಹೋಗಿದ್ದನಂತೆ, ಆಮೇಲೆ ಬಂದಿರಲಿಲ್ಲ.

ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಗಳು ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು, ಬಳೆ ಇಡಿಸಿಕೊಂಡು ಹೋಗಬೇಕು. ಗಂಡ ಇರಲಿ, ಇಲ್ಲದಿರಲಿ, ವಯಸ್ಸು ಎಷ್ಟೇ ಆಗಲಿ. ಆದರೆ ತಾನಾಗಿ ಎದ್ದು ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು. ಮುಂದಿನ ಓಣಿಯಲ್ಲೇ ತವರಿದ್ದರೂ ಕರೆಯಲು ಬಂದೇ ಬರಬೇಕು.

ಆ ಹಬ್ಬದ ಹಿಂದಿನ ದಿನ ಗುರುಬಾಯಿ ಬೆಳಿಗ್ಗೆಯೇ ಮೈ ತೊಳೆದುಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿ, ಒಗೆದ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೇಂದ್ರದ ಮುಂದಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಯಾರಿಗೂ ಏನೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವತ್ತು ಅವಳ ಪಾಳಿಯ ಕೆಲಸವನ್ನು ಉಳಿದವರು ಸುಮ್ಮನೆ ಮಾಡಿ ಮುಗಿಸುತ್ತಿದ್ದರು. ಸಂಜೆಗೆ ಎದ್ದು ಬಂದು, "ಬಸ್ಸ ಸಿಕ್ಕಿರಂಗಿಲ್ಲ ಅವಗ," ಎಂದು ಚೀಲವನ್ನು ಗೂಟಕ್ಕೆ ಹಾಕಿ ಒಲೆಯ ಮುಂದೆ ಕೂರುತ್ತಿದ್ದಳು.

ಒಂದು ವರ್ಷ ಇದನ್ನು ಇನ್ನು ನೋಡಲಾರೆ ಎನ್ನಿಸಿತು. ಪಂಚಮಿ ಇನ್ನೂ ನಾಲ್ಕಾರು ದಿನ ಇರುವಾಗ ಅವಳಿಗೆ ಹೇಳಿಯೇ ಬಾಗೇವಾಡಿ ಬಸ್ಸು ಹತ್ತಿ, ಮಲ್ಲಪ್ಪನನ್ನು ಕಾಣಲು ಅವನ ಹಳ್ಳಿಗೆ ಹೋದೆ. ಅವನದು ಹಿಟ್ಟಿನ ಗಿರಣಿ. ಹಬ್ಬದ ದಿನಗಳಾದ್ದರಿಂದ ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಸಾಲಾಗಿ ಕುಳಿತಿದ್ದರು. ಹೊರಗಿನವಳು ಬಂದಳೆಂದು ಅವನು ಗಿರಣಿ ನಿಲ್ಲಿಸಿ ಹತ್ತಿರ ಬಂದ. ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಹಿಟ್ಟು. "ಇಂಡಿಯಿಂದ ಬಂದೇನ್ರಿ. ಗುರುಬಾಯಿ…" ಎಂದೆ. ಅವನು ಸಾಲಿನ ಕಡೆ ಒಮ್ಮೆ ನೋಡಿದ, ಹೋಗಿ ಗಿರಣಿ ಮತ್ತೆ ಚಾಲೂ ಮಾಡಿ ಬಂದ. ಆ ಸಪ್ಪಳದಲ್ಲಿ ಅವನು ನನ್ನ ಕಿವಿಯ ಹತ್ತಿರ ಬಾಗಿ ಮಾತಾಡಬೇಕಾಯಿತು, ನಾನು ಅವನ ಕಿವಿಯ ಹತ್ತಿರ ಒದರಬೇಕಾಯಿತು.

"ತಪ್ಪು ತಿಳೀಬ್ಯಾಡ್ರಿ. ಗಿರಣಿ ನಿಂತ್ರ ಮಂದಿ ನಮ್ಮ ಮಾತು ಕೇಳ್ತಾರ," ಎಂದ. "ಇಬ್ರು ಹೆಣ್ಣ ಹುಡುಗ್ಯಾರು ಅದಾರ್ರಿ ನನಗ. ನೋಡಾಕ ಬಂದವ್ರು ಅತ್ತಿ ಜೈಲಿಗೆ ಹೋಗಿದ್ಲಂತಲ್ಲಾ ಅಂತ ಕೇಳಿ, ಚಾ ಕುಡದು ಎದ್ದು ಹೋಗ್ತಾರ. ಇನ್ನ ಆಕಿನ್ನ ಮನಿಗೆ ಕರಕೊಂಡು ಬಂದೇನಂದ್ರ ಯಾರು ಮಾಡಿಕೋತಾರ್ರಿ? ಇವ್ರ ಲಗ್ನ ಆಗಲಿ. ಆದ ಮ್ಯಾಲೆ ನಾನ ಬರ್ತೇನಿ ಅಂತ ಅಕ್ಕಗ ಹೇಳ್ರಿ."

ಕೆಟ್ಟವನಾಗಿದ್ದರೆ ಚೆನ್ನಾಗಿತ್ತು, ಜಗಳವಾಡಿ ಬರಬಹುದಿತ್ತು. ನಾನು ಹೊರಡುವಾಗ ಅವನ ಹೆಂಡತಿ ಒಳಗಿನಿಂದ ಬಂದು ಸ್ಟೀಲಿನ ಡಬ್ಬಿಯೊಂದನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟಳು. ಪಂಚಮಿಯ ಉಂಡಿ. ನಾನೂ ಈ ಕಡೆಯವಳೇ, ನನಗೆ ಅರ್ಥವಾಯಿತು. ಬರಲಾಗದ ಮಗಳಿಗೆ ತವರಿನವರು ಉಂಡಿ ಕಳಿಸಿಕೊಡುತ್ತಾರೆ. ಉಂಡಿ ಬಂತೆಂದರೆ ಆ ವರ್ಷ ಕರೆಯಲು ಯಾರೂ ಬರುವುದಿಲ್ಲ. ಬಸ್ಸಿನ ತುಂಬ ಹಬ್ಬಕ್ಕೆ ಹೊರಟ ಹೆಣ್ಣುಮಕ್ಕಳು, ಅವರ ನಡುವೆ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ನನಗೆ ಇಂಡಿ ಬರುವುದೇ ಬೇಡವಾಗಿತ್ತು.

ಗುರುಬಾಯಿ ಗೇಟಿನಲ್ಲೇ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ಡಬ್ಬಿ ನೋಡಿದಳು. "ಉಂಡಿ ಕೊಟ್ಟನೇನ್ರಿ," ಎಂದಳು. ಆಮೇಲೆ, "ಸೊರಗ್ಯಾನೇನ್ರಿ? ಗಿರಣಿ ಚಲೋ ನಡದೈತಿ?" ಎಂದು ಕೇಳಿದಳು. ಚಲೋ ನಡೆದಿದೆ ಎಂದೆ. ಹುಡುಗಿಯರ ಮದುವೆಯಾದ ಮೇಲೆ ಬರುತ್ತೇನೆ ಎಂದಿದ್ದಾನೆ ಎಂದೂ ಹೇಳಿದೆ. ಅವಳು ಒಂದು ಶೇಂಗಾ ಉಂಡಿ ಮುರಿದು ಬಾಯಿಗೆ ಹಾಕಿಕೊಂಡು, "ಪಾಕ ಹಸೀ ಉಳದೈತಿ. ಅವನ ಹೇಣ್ತಿಗೆ ಯಾರೂ ಕಲಿಸಿಲ್ಲ," ಎಂದು ಉಳಿದದ್ದನ್ನೆಲ್ಲ ಹಂಚಿಬಿಟ್ಟಳು.

ಇನ್ನು ಅವಳು ಕಟ್ಟೆಗೆ ಬರಲಾರಳು ಎಂದುಕೊಂಡಿದ್ದೆ. ಹಬ್ಬದ ಹಿಂದಿನ ದಿನ ನೋಡಿದರೆ ಅದೇ ಜಾಗ, ಅದೇ ಚೀಲ. "ಉಂಡಿ ಬಂದಾವಲ್ಲ, ಮತ್ಯಾಕ ಕುಂತಿ ಗುರುಬಾಯವ್ವ?" ಎಂದೆ. "ಕುಂತ್ರ ಏನ ಹೋಗ್ತೈತ್ರಿ?" ಎಂದಳು. ಅಷ್ಟರಲ್ಲಿ ಮುದ್ದೇಬಿಹಾಳದಿಂದ ನನ್ನ ಅಣ್ಣ ನನ್ನನ್ನು ಕರೆಯಲು ಬಂದ. ರಜೆ ಇಲ್ಲ, ಕೆಲಸ ಇದೆ, ನಾಳೆ ಬರುತ್ತೇನೆ ಎಂದು ನಾನು ಗೇಟಿನಲ್ಲಿ ನಿಂತು ಗೊಣಗುತ್ತಿದ್ದೆ. ಕಟ್ಟೆಯ ಮೇಲಿಂದ ಆ ದನಿ ಬಂತು: "ಅಕ್ಕೋರ! ಕರಿಯಾಕ ಬಂದ ಅಣ್ಣನ್ನ ಹಾದ್ಯಾಗ ನಿಂದರಸಿ ಮಾತಾಡ್ತಾರೇನ್ರಿ? ನಡ್ರಿ ಸುಮ್ಮ." ನಾನು ಚೀಲ ತೆಗೆದುಕೊಂಡು ಅವಳ ಮುಂದಿನಿಂದಲೇ ಹೋದೆ. ಹಿಂದಿರುಗಿ ನೋಡುವ ಧೈರ್ಯ ಆಗಲಿಲ್ಲ.

ಕೇಂದ್ರ ಬಹಳ ವರ್ಷ ನಡೆಯಲಿಲ್ಲ. ಅನುದಾನ ನಿಂತಿತು, ಮಾಸ್ತರು ಹಾಸಿಗೆ ಹಿಡಿದರು, ಗೋದಾಮಿನ ಮಾಲಕರು ಜಾಗ ಕೇಳಿದರು. ಹೆಂಗಸರು ಒಬ್ಬೊಬ್ಬರೇ ಒಂದೊಂದು ಕಡೆ ಹೋದರು. ಕಸ್ತೂರಿಯನ್ನು ಹೊರ್ತಿಯಲ್ಲಿದ್ದ ಅವಳ ಸೋದರತ್ತೆ ಕರೆದೊಯ್ದಳು. ಎಮ್ಮೆ ಕಾಯಲು, ಸೆಗಣಿ ಬಳಿಯಲು ಒಂದು ಆಳು ಬೇಕಾಗಿತ್ತು ಅಷ್ಟೆ. ನನಗೆ ಸಿಂದಗಿಯಲ್ಲಿ ಅಂಗನವಾಡಿಗಳ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು. ಗುರುಬಾಯಿಯನ್ನೂ ಕರೆದುಕೊಂಡು ಹೋಗಿ ಅಲ್ಲಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿಸಿದೆ. ಮಾಲಕಿಗೆ ಮುಚ್ಚಿಡದೆ ಎಲ್ಲ ಹೇಳಿದೆ. ಆಕೆ ಕೇಳಿದ್ದು ಒಂದೇ, "ರೊಟ್ಟಿ ತೆಳ್ಳಗ ಬಡೀತಾಳಿಲ್ಲೋ?" ಖಾನಾವಳಿಯ ಹಿಂದೆ ಬೇವಿನ ಗಿಡದ ಕೆಳಗೆ ಒಂದು ತಗಡಿನ ಖೋಲಿ ಅವಳಿಗೆ ಸಿಕ್ಕಿತು. ಇದ್ದದ್ದು ಒಬ್ಬಳು ಮಲಗುವಷ್ಟು ಜಾಗ.

ಆ ವರ್ಷ ಪಂಚಮಿ ಮುಗಿಸಿಕೊಂಡು ಮುದ್ದೇಬಿಹಾಳದಿಂದ ಬಂದು ನೋಡುತ್ತೇನೆ, ಬೇವಿನ ಗಿಡಕ್ಕೆ ಜೋಕಾಲಿ! ಕಸ್ತೂರಿ ಕೈ ತುಂಬ ಹಸಿರು ಬಳೆ ಹಾಕಿಕೊಂಡು ಜೀಕುತ್ತಿದ್ದಾಳೆ. ಗುರುಬಾಯಿ ಹೊರ್ತಿಗೆ ಹೋಗಿ ಅವಳನ್ನು ಕರೆತಂದಿದ್ದಳು. ಹೇಗೆ ಕಳಿಸಿದರು ಎಂದು ಕೇಳಿದೆ.

"ತವರಿಂದ ಕರಿಯಾಕ ಬಂದೇನಿ ಅಂದೆ. ಆಕಿ ಅತ್ತಿ ಟೊಂಕದ ಮ್ಯಾಲೆ ಕೈ ಇಟಗೊಂಡು ಯಾವ ತವರು ಅಂದ್ಲು. ಒಂದ ಜೈಲಿನ್ಯಾಗ ಒಂದ ಕಂಬಳಿ ಹೊತಗೊಂಡು ಮಲಗೇವಿ, ಇನ್ನ ಯಾವ ತವರು ಬೇಕ ನಿನಗ ಅಂದೆ. ಇಡೀ ಓಣಿ ಕೇಳೂಹಂಗ ಅಂದೇನ್ರಿ. ಕಳಿಸೂದ ಬಿಟ್ಟು ಏನ ಮಾಡ್ತಾಳ?" ಕಸ್ತೂರಿ ಜೋಕಾಲಿಯ ಮೇಲಿನಿಂದಲೇ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಕೇಂದ್ರದಲ್ಲಿ ನಾನು ಎಂದೂ ನೋಡಿರಲಿಲ್ಲ.

ಮುಂದಿನ ವರ್ಷವೂ ಹೋಗಿ ಕರೆತಂದಳು. ಕಸ್ತೂರಿ ಆ ಮೂರು ದಿನಕ್ಕಾಗಿ ವರ್ಷವಿಡೀ ಕಾಯುತ್ತಾಳೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ತಾನು ಕಾಯುವುದರ ಬಗ್ಗೆ ಮಾತು ಬಿಟ್ಟಿದ್ದಳು. ಆದರೆ ಖಾನಾವಳಿಗೆ ಬಾಗೇವಾಡಿ ಕಡೆಯವರು ಯಾರಾದರೂ ಉಣ್ಣಲು ಬಂದರೆ ಒಲೆ ಬಿಟ್ಟು ಎದ್ದು ಬಂದು, ಆ ಹಳ್ಳಿಯ ಗಿರಣಿ ಮಲ್ಲಪ್ಪನ ಮಕ್ಕಳ ಲಗ್ನ ಆಯಿತೇ ಎಂದು ಕೇಳುತ್ತಿದ್ದಳು, ತಾನು ಇಲ್ಲಿರುವುದನ್ನು ಅವನಿಗೆ ತಿಳಿಸಲು ಹೇಳುತ್ತಿದ್ದಳು. ಹಾಗೆಯೇ ಒಂದು ದಿನ ತಿಳಿಯಿತು, ಇಬ್ಬರದೂ ಒಂದೇ ಹಂದರದಲ್ಲಿ ಆಗಿಹೋಗಿದೆ. ಅವಳಿಗೆ ಹೇಳಿಕಳಿಸಿರಲಿಲ್ಲ.

ಅದರ ಮರುವರ್ಷ ಪಂಚಮಿಯ ಹಿಂದಿನ ದಿನ. ನಮ್ಮಲ್ಲಿ ಅವತ್ತು ರೊಟ್ಟಿ ಹಬ್ಬ, ಮನೆಮನೆಗೆ ಸಜ್ಜೆ ರೊಟ್ಟಿ ಪಲ್ಯ ಹಂಚುವುದು. ಮಧ್ಯಾಹ್ನ ನಾನು ನಮ್ಮ ಮನೆಯ ರೊಟ್ಟಿ ತೆಗೆದುಕೊಂಡು ಗುರುಬಾಯಿಯ ಖೋಲಿಗೆ ಹೋಗಿದ್ದೆ. ಅವಳು ಕಸ್ತೂರಿಯನ್ನು ಕರೆಯಲು ಹೊರ್ತಿಗೆ ಹೊರಟು ನಿಂತಿದ್ದಳು. ಆಗ ಬಾಗಿಲಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಒಗೆದ ಧೋತರ, ಹೊಸ ಟೋಪಿ, ಮೈಮೇಲೆ ಹಿಟ್ಟಿನ ಸುಳಿವಿಲ್ಲ. ನನಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಗುರುಬಾಯಿಗೆ ಬೇಕಾಗಲಿಲ್ಲ.

"ಅಕ್ಕಾ," ಎಂದ ಮಲ್ಲಪ್ಪ. "ಕರಿಯಾಕ ಬಂದೇನಿ. ನಡಿ ಮನಿಗೆ."

ಅವಳು ಕಾಲಿಗೆ ನೀರು ಕೊಟ್ಟಳು. ಚಾಪೆ ಹಾಸಿದಳು. ಅವನು ಕುಳಿತ ಮೇಲೆ ಟೋಪಿ ತೆಗೆದು ಅವನ ತಲೆಯ ಮೇಲೆ ಕೈ ಆಡಿಸಿ, "ಎಲ್ಲಾ ಬೆಳ್ಳಗಾಗ್ಯಾವಲ್ಲೋ ಮಲ್ಲು," ಎಂದಳು. ಅವನು ಸಣ್ಣ ಹುಡುಗನ ಹಾಗೆ ಅಳತೊಡಗಿದ. 'ದೇವರೇ, ಅಂತೂ ಬಂದನಲ್ಲ' ಎಂದುಕೊಂಡೆ ನಾನು. ಗುರುಬಾಯಿ ಅಳಲಿಲ್ಲ. ನನ್ನ ರೊಟ್ಟಿಯನ್ನೇ ಅವನಿಗೆ ಬಡಿಸಿ, ಅವನು ಉಣ್ಣುವುದನ್ನು ನೋಡುತ್ತ ಕುಳಿತು, ಆಮೇಲೆ ಕೇಳಿದಳು.

"ನನ್ನ ಸಂಗಾಟ ಇನ್ನೊಬ್ಬಾಕಿ ಅದಾಳ. ಹೊರ್ತ್ಯಾಗ. ಇವತ್ತ ಕರಿಯಾಕ ಬರ್ತೇನಿ ಅಂತ ಹೇಳೇನಿ. ಆಕಿನ್ನೂ ಕರಕೊಂಡು ಬರಲೇನು?"

ಅವನ ಕೈ ತಾಟಿನಲ್ಲೇ ನಿಂತಿತು. "ಆಕೀನೂ ಅಲ್ಲಿಂದ ಬಂದಾಕೀನ ಏನು?"

"ಹೂಂ."

"ಅಕ್ಕಾ, ನಿನ್ನ ಒಬ್ಬಾಕಿನ್ನ ಕರಕೊಂಡು ಬರ್ತೇನಿ ಅಂತ ಮನ್ಯಾಗ ಒಪ್ಪಸಬೇಕಾದ್ರ ನನಗ ಸಾಕುಬೇಕಾಗೈತಿ. ನೀ ಒಬ್ಬಾಕಿ ಬಾ."

ನಾನು ನಡುವೆ ಬಾಯಿ ಹಾಕಿದೆ. ನೀನು ಹೋಗು ಗುರುಬಾಯವ್ವ, ಈ ವರ್ಷ ನಾನೇ ಹೊರ್ತಿಗೆ ಹೋಗಿ ಕಸ್ತೂರಿಯನ್ನು ನಮ್ಮ ಮನೆಗೆ ಕರೆತರುತ್ತೇನೆ, ತವರಿಗೆ ಹೋಗುವುದನ್ನು ಬಿಡುತ್ತೇನೆ ಎಂದೆ. ಮನಸಾರೆ ಹೇಳಿದ್ದೆ. ಅವಳು ನನ್ನ ಕಡೆ ತಿರುಗಿದಳು.

"ನೀವು ಹೋದ್ರ ಸರಕಾರದವರು ಬಂದ್ರು ಅಂತಾರ್ರಿ ಅಕ್ಕೋರ. ತವರಿಂದ ಬಂದ್ರು ಅನ್ನೂದಿಲ್ಲ. ಆಕಿ ಮುಂಜಾನಿಂದ ತಲಿ ಬಾಚಿಕೊಂಡು ಚೀಲಾ ಹಿಡಕೊಂಡು ಕುಂತಿರ್ತಾಳ. ಹಂಗ ಕುಂದರೂದು ಏನಂತ ಯಾರಿಗೆ ಗೊತ್ತಿಲ್ಲಂದ್ರೂ ನನಗ ಗೊತ್ತೈತಿ." ಆಮೇಲೆ ತಮ್ಮನಿಗೆ, "ಈ ವರ್ಷ ಆಗಂಗಿಲ್ಲ ಮಲ್ಲು. ಕರದಾಕಿನ್ನ ಬಿಟ್ಟು ಬರಾಕ ಆಗಂಗಿಲ್ಲ. ಬರೂ ವರ್ಷ ಬಾ," ಎಂದಳು.

ಅವನು ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಲಿ ಎಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ಇಬ್ಬರೂ ಬನ್ನಿ, ಏನಾದರೂ ಆಗಲಿ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವನು ಟೋಪಿ ಹಾಕಿಕೊಂಡು, ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೊರಟುಹೋದ. ಅವನ ಮುಖದಲ್ಲಿ ದುಃಖವೂ ಇತ್ತು, ಸ್ವಲ್ಪ ಹಗುರಾದಂತೆಯೂ ಇತ್ತು. ಅವಳಿಗೂ ಅದು ಕಂಡಿರಬೇಕು.

ಅವಳ ಜೊತೆ ರಸ್ತೆಯವರೆಗೆ ನಡೆದೆ. ಅಲ್ಲಿ ನನ್ನ ರಟ್ಟೆ ಹಿಡಿದು ನಿಲ್ಲಿಸಿ ಕೇಳಿದಳು, "ಅಕ್ಕೋರ, ಅವ ಕರಿಯಾಕ ಬಂದಿದ್ದ. ನೀವು ನೋಡೀರಿ, ಹೌದಿಲ್ಲೋ?" ನೋಡಿದ್ದೇನೆ ಎಂದೆ. ಆಗ ಅತ್ತಳು. ನಡುರಸ್ತೆಯಲ್ಲಿ, ಹಬ್ಬದ ಸಂತೆಗೆ ಬಂದವರೆಲ್ಲ ನೋಡುವಂತೆ ಅತ್ತು, ಮೂಗು ಒರೆಸಿಕೊಂಡು ಹೊರ್ತಿಗೆ ಹೋದಳು.

ಮರುವರ್ಷ ಮಲ್ಲಪ್ಪ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ಅಷ್ಟರಲ್ಲಿ ಕಸ್ತೂರಿಯ ಅತ್ತೆ ಮನೆ ಮಾರಿ, ಅವಳನ್ನೂ ಕರೆದುಕೊಂಡು ಸೊಲ್ಲಾಪುರದ ಕಡೆ ಎಲ್ಲಿಗೋ ಹೋದಳು. ಹೋಗುವಾಗ ಹೇಳಿಹೋಗಲೂ ಬಿಡಲಿಲ್ಲವಂತೆ. ಆ ವರ್ಷ ಗುರುಬಾಯಿ ಹೊರ್ತಿಯವರೆಗೆ ಹೋಗಿ, ಬೀಗ ನೋಡಿ, ಒಬ್ಬಳೇ ತಿರುಗಿ ಬಂದಿದ್ದಳು.

ನನ್ನ ಗಂಡನಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ದಿನ ಖಾನಾವಳಿಗೆ ಹೋದೆ. ಅವಳ ಅಕ್ಕಪಕ್ಕ ಇನ್ನೂ ಇಬ್ಬರು ಹೊಸ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ಕಂಡದ್ದೇ ಗುರುಬಾಯಿ ಅವರ ಕಡೆ ತಿರುಗಿ ದನಿ ಎತ್ತರಿಸಿದಳು. "ಇವ್ರನ್ನ ಕೇಳ್ರಿ ಈಗ! ಸುಳ್ಳ ಅಂತೀರಲ್ಲಾ. ಇವ್ರು ಅಕ್ಕೋರದಾರ, ಸುಳ್ಳ ಹೇಳಂಗಿಲ್ಲ. ಹೇಳ್ರಿ ಅಕ್ಕೋರ, ನನ್ನ ತಮ್ಮ ಕರಿಯಾಕ ಬಂದಿದ್ನೋ ಇಲ್ಲೋ?"

"ಬಂದಿದ್ದ," ಎಂದೆ. "ನಾ ನೋಡೇನಿ."

ಆ ಹೆಂಗಸರು ಸೌಜನ್ಯಕ್ಕೆ ತಲೆಯಾಡಿಸಿ ತಮ್ಮ ರೊಟ್ಟಿ ತಮಗೆ ಎಂದು ಬಡಿಯುತ್ತ ಹೋದರು. ನಂಬಿದರೋ ಇಲ್ಲವೋ. ನನ್ನನ್ನು ಕಳಿಸಲು ಬಾಗಿಲವರೆಗೆ ಬಂದವಳು ಅಲ್ಲಿ ನಿಂತು, ಅವಳ ದನಿಯೇ ಅಲ್ಲ ಎನ್ನುವಷ್ಟು ಮೆಲ್ಲಗೆ ಕೇಳಿದಳು, "ಹೋಗಬೇಕಾಗಿತ್ತೇನ್ರಿ ಅವತ್ತ?"

ಹೌದು ಎಂದರೆ ಕಸ್ತೂರಿ ಕಣ್ಣ ಮುಂದೆ ಬರುತ್ತಿದ್ದಳು. ಇಲ್ಲ ಎಂದರೆ ಅವನು. ನಾನು ಅವಳ ಹಿಟ್ಟಿನ ಕೈ ಹಿಡಿದುಕೊಂಡು ನಿಂತೆ. "ಹೋಗ್ರಿ, ಹೊತ್ತಾತು ನಿಮಗ," ಎಂದು ಅವಳೇ ಕೈ ಬಿಡಿಸಿಕೊಂಡು ಒಳಗೆ ಹೋದಳು.

ಬಹಳ ವರ್ಷಗಳ ಮೇಲೆ ಸಿಂದಗಿಗೆ ಹೋದಾಗ ಆ ಖಾನಾವಳಿ ಇರಲಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿತ್ತು, ಹಿಂದಿನ ಖೋಲಿಯಲ್ಲಿ ಸಾಮಾನು ತುಂಬಿದ್ದರು. ಸುತ್ತಮುತ್ತ ವಿಚಾರಿಸಿದೆ. ರೊಟ್ಟಿ ಬಡಿಯುತ್ತಿದ್ದ ಉದ್ದನೆಯ ಮುದುಕಿ ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು ಎಂದು ಪಕ್ಕದ ಕಿರಾಣಿ ಅಂಗಡಿಯವರು ಹೇಳಿದರು. ಖಾನಾವಳಿಯ ಮಾಲಕಿಯೇ ಮಣ್ಣು ಮಾಡಿಸಿದಳಂತೆ. "ಆಕಿಗೆ ಹಿಂದ ಮುಂದ ಯಾರೂ ಇರಲಿಲ್ರಿ. ಕರಿಯಾಕ, ಕೇಳಾಕ ಒಬ್ರೂ ಒಂದಿನಾ ಬಂದಿಲ್ಲ," ಎಂದರು.

ಬಂದಿದ್ದ ಎಂದು ಅವರಿಗೆ ಹೇಳಿದೆ. ಒಂದು ರೊಟ್ಟಿ ಹಬ್ಬದ ಮಧ್ಯಾಹ್ನ ಅವಳ ತಮ್ಮ ಒಗೆದ ಧೋತರ ಉಟ್ಟುಕೊಂಡು ಬಾಗಿಲಿಗೆ ಬಂದು, ನಡಿ ಮನಿಗೆ ಎಂದಿದ್ದ. ನಾನು ನೋಡಿದ್ದೇನೆ.